ನಾಲ್ಕನೆಯ ಅರ್ಥ

ಅಟೆಂಡರನ ಬಾಯಲ್ಲಿ ಅವರಿಗೊಂದು ಮಾತು ಹೇಳಿ ಕಳಿಸಿದ ದಿನ, ಏನೇನು ಕೆಡಬಹುದು ಎಂದು ನಾನು ಬೆಳಿಗ್ಗೆಯಿಂದ ಯೋಚಿಸುತ್ತ ಕೂತಿದ್ದೆ. ಚಳ್ಳಕೆರೆಯಲ್ಲಿ ಅವನು ಹತ್ತಿದ ಬಸ್ಸು ಹಾನಗಲ್ಲಿನ ಹತ್ತಿರ ಕೆಟ್ಟು ನಿಲ್ಲಬಹುದು. ಕೆಡದಿದ್ದರೆ, ಅವನು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿ, ಇಳಿಯಬೇಕಾದ ಮೊಳಕಾಲ್ಮೂರು ದಾಟಿ ರಾಯದುರ್ಗದಲ್ಲಿ ಕಣ್ಣು ಬಿಡಬಹುದು. ಮನೆ ಸಿಗದೆ ಹೋಗಬಹುದು. ಆ ಬೀದಿಯ ಪ್ರತಿ ಮನೆಯಿಂದಲೂ ಮಗ್ಗದ ಅದೇ ಟಕಟಕ, ಪ್ರತಿ ಬಾಗಿಲಿಗೂ ಅದೇ ಹಸಿರು ಬಣ್ಣ. ಸಿಕ್ಕರೂ ಅವರು ಮಲಗಿರಬಹುದು. ಎದ್ದಿದ್ದು, ನನ್ನ ಹೆಸರು ಕೇಳಿ ಮಲಗಬಹುದು. ನೋಡಲು ಬಂದ ನೆಂಟರೆದುರಿಗೆ ಇವನು ಗಟ್ಟಿಯಾಗಿ ಹೇಳಿಬಿಟ್ಟು ನನ್ನ ಮಾನ ಹೋಗಬಹುದು. ದಾರಿಯಲ್ಲಿ ಮಾತು ಸವೆದು 'ಕೋಪನಾ' ಅನ್ನುವುದು 'ಕಾಫಿನಾ' ಆಗಬಹುದು. ಅವರು ನಗಬಹುದು. ನಗದೆ ಇರಬಹುದು, ಅದು ಇನ್ನೂ ಕಷ್ಟ. ಅಥವಾ ಅವರು ನನ್ನನ್ನು ಕೂಡಲೇ ಕ್ಷಮಿಸಿಬಿಡಬಹುದು. ನಿಜ ಹೇಳಬೇಕೆಂದರೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಇದಕ್ಕೆ. ಕ್ಷಮಿಸುವುದರಲ್ಲೂ ಅವರೇ ಮುಂದಾದರೆ ನನಗೇನು ಉಳಿಯಿತು?

ಬಸ್ಸು ಸರಿಯಾಗಿ ಹೋಯಿತು. ಮನೆ ಸಿಕ್ಕಿತು. ಅವರು ಎಚ್ಚರವಾಗಿದ್ದರು, ನೆಂಟರು ಯಾರೂ ಇರಲಿಲ್ಲ, ನನ್ನ ಮಾತು ಒಂದಕ್ಷರವೂ ಸವೆಯದೆ ಅವರನ್ನು ಮುಟ್ಟಿತು. ಕೆಟ್ಟದ್ದು ಬೇರೆ, ತೀರಾ ಸಣ್ಣದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಈ ಸೀಮೆಯ ನೂರಾರು ಶಿಷ್ಯರು ಫೋನು ಮಾಡಿ ಅವರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿನ್ನೂ ಬಂದಿಲ್ಲ.

ಚಳ್ಳಕೆರೆಯ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಎರಡು ಕೋಣೆಗಳ ನಡುವೆ ಒಂದೇ ಗೋಡೆ. ಆ ಗೋಡೆ ಕಟ್ಟಿದವನಿಗೆ ಗಾರೆ ಕಡಿಮೆ ಬಿದ್ದಿತ್ತೋ ಏನೋ, ಆ ಕಡೆ ಸೀನಿದರೆ ಈ ಕಡೆ ಕೇಳುತ್ತಿತ್ತು. ನಾನು ಇಲ್ಲಿ ಸಂಧಿ ಬಿಡಿಸುತ್ತಿರುವಾಗ ಅಲ್ಲಿ ಅರವತ್ತು ಮಕ್ಕಳು ಒಟ್ಟಿಗೆ ನಗುತ್ತಿದ್ದರು. ಸುಮ್ಮನೆ ನಕ್ಕರೆ ಸಹಿಸಬಹುದಿತ್ತು. ನಕ್ಕು ತಟ್ಟನೆ ನಿಲ್ಲುತ್ತಿದ್ದರು, ಆಮೇಲೆ ಅಲ್ಲಿ ಒಂದು ಮೌನ. ಅರವತ್ತು ಮಕ್ಕಳು ಏನನ್ನೋ ಅರ್ಥ ಮಾಡಿಕೊಳ್ಳುವಾಗಿನ ಮೌನ. ನನ್ನ ತರಗತಿಯಲ್ಲೂ ಮೌನ ಇರುತ್ತಿತ್ತು, ಇಲ್ಲವೆನ್ನುವುದಿಲ್ಲ. ಅದು ಮಧ್ಯಾಹ್ನದ ಊಟದ ನಂತರದ ಮೌನ.

ರಾಜ್ಯಶಾಸ್ತ್ರದಲ್ಲಿ ನಗುವುದಕ್ಕೆ ಏನಿದೆ ಎಂದು ನಾನು ಬಹಳ ದಿನ ಹೊಟ್ಟೆ ಉರಿದುಕೊಂಡೆ. ರಾಜ್ಯಪಾಲರ ಅಧಿಕಾರಗಳಲ್ಲಿ ನಗು ಇದೆಯೇ? ವಿದೇಶಾಂಗ ನೀತಿಯಲ್ಲಿ? ಕೊನೆಗೆ ಬೆಂಚೊಂದನ್ನು ಗೋಡೆಯ ಹತ್ತಿರಕ್ಕೆ ಎಳೆಸಿ, ಮಕ್ಕಳಿಗೆ ಟಿಪ್ಪಣಿ ಬರೆದುಕೊಳ್ಳಲು ಹೇಳಿ, ನಾನೇ ಅಲ್ಲಿ ಕೂತು ಅವರ ಪಾಠ ಕೇಳತೊಡಗಿದೆ. ಹೀಗೆ ಹದಿನೈದು ವರ್ಷ. ಸರ್ಕಾರದ ಸಂಬಳ ತಗೊಂಡು ರಾಜ್ಯಶಾಸ್ತ್ರ ಓದಿದ ಕನ್ನಡ ಉಪನ್ಯಾಸಕ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅವರು ಮೊಳಕಾಲ್ಮೂರಿನ ನೇಕಾರರ ಮನೆಯವರು. ಮನೆಮಾತು ತೆಲುಗು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಎಷ್ಟು ಬಿಸಿಲಿದ್ದರೂ ಅಂಗಿಯ ಇಸ್ತ್ರಿ ಹಾಳಾಗುತ್ತಿರಲಿಲ್ಲ. ಎರಡು ಬೀದಿ ಆಚೆಯಿಂದ ನಡೆದು ಬರುವ ನಾನು ಒದ್ದೆ ಚೀಲದಂತೆ ಒಳಗೆ ಬರುತ್ತಿದ್ದೆ. ಯೋಚನೆಗೆ ಬಿದ್ದಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಇಲ್ಲದ ಏನನ್ನೋ ಹೊಸೆಯುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಮಗ್ಗದ ಪಕ್ಕ ಕೂತು ಹರಿದ ರೇಷ್ಮೆ ಎಳೆ ಕೂಡಿಸುವ ಕೆಲಸ ಅವರದಾಗಿತ್ತಂತೆ. ಎರಡು ತುದಿ ತಂದು, ಒಂದರ ಮೇಲೊಂದಿಟ್ಟು, ಒಂದು ಸಲ ಹೊಸೆದರೆ ಮುಗಿಯಿತು. ಸೀರೆ ಉಡುವವರಿಗೆ ಎಲ್ಲಿ ಹರಿದಿತ್ತೆಂದು ಗೊತ್ತಾಗಬಾರದು. ಸಿಬ್ಬಂದಿ ಕೋಣೆಯಲ್ಲಿ ಯಾರಾದರೂ ಜಗಳಕ್ಕೆ ಬಿದ್ದರೆ ಇವರ ಬೆರಳು ತಾನಾಗಿ ಆಡತೊಡಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಟೀ ಬರುತ್ತಿತ್ತು.

ನಾನು ತುರುವೇಕೆರೆ ಕಡೆಯವನು. ವರ್ಗವಾಗಿ ಇಲ್ಲಿಗೆ ಬಂದು ಹದಿನೆಂಟು ವರ್ಷವಾದರೂ ತೆಲುಗು ಕಲಿಯಲಿಲ್ಲ. ತರಕಾರಿಯವರು, ಹಾಲಿನವರು, ಪಕ್ಕದ ಮನೆಯವರು ಎಲ್ಲರೂ ಎರಡೂ ಆಡುವ ಊರಿನಲ್ಲಿ ಒಂದೇ ಆಡುವವನೆಂದು ಹೆಮ್ಮೆಪಟ್ಟುಕೊಂಡು ಓಡಾಡಿದೆ. ಕನ್ನಡದ ಮೇಷ್ಟ್ರಿಗೆ ತೆಲುಗು ಯಾಕೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಬಂದ ಮೊದಲ ವರ್ಷ ಅವರು ನನ್ನನ್ನು ಮನೆಗೆ ಊಟಕ್ಕೆ ಕರೆದರು. ಹಣ್ಣಿನ ಪೊಟ್ಟಣ ಹಿಡಿದು ಹೋದೆ. ಒಳಗೆ ಮಗ್ಗದ ಗುಂಡಿಯ ಪಕ್ಕದಲ್ಲಿ ಕೂತಿದ್ದ ಅವರ ತಾಯಿಗೆ ಕೊಡಲು ಬಗ್ಗಿದರೆ, ಮುದುಕಿ ಕೈ ಅಡ್ಡ ಆಡಿಸಿ 'ವದ್ದು, ವದ್ದು' ಎಂದರು. ನನ್ನ ಕಿವಿಗೆ ಬಿದ್ದದ್ದು ಒದ್ದು, ಒದ್ದು. ಎರಡು ಹೆಜ್ಜೆ ಹಿಂದೆ ಸರಿದೆ, ಚಪ್ಪಲಿ ಬಿಟ್ಟ ಜಾಗ ಎಲ್ಲಿ ಎಂದೂ ನೋಡಿಕೊಂಡೆ. ಬೇಡಪ್ಪ, ಇದೆಲ್ಲ ಯಾಕೆ ತಂದೆ ಅಂತ ಆ ಮಾತಿಗೆ ಅರ್ಥವಂತೆ. ಅವರು ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೋಡ್ರಿ ಸಾರ್, ಗಡಿಯಲ್ಲಿ ಮೊದಲನೇ ಗಲಾಟೆ ಆಗೋಯ್ತು. ಇನ್ನ ನಾವಿಬ್ರೂ ಒಪ್ಪಂದ ಮಾಡ್ಕಬೇಕು" ಎಂದರು.

ನಾನೂ ನಕ್ಕೆ. ನಕ್ಕು ಮನೆಗೆ ಬಂದು, ಈ ಪ್ರಸಂಗವನ್ನು ಅವರು ನಾಳೆ ತರಗತಿಯಲ್ಲಿ ಹೇಳುತ್ತಾರೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಅವರು ಹೇಳಿದರು. ಆದರೆ ಹೆದರಿ ಓಡಿದವನು ತಾನೇ ಎಂದು ಹೇಳಿದರು. ಗೋಡೆಯ ಈ ಕಡೆ ಕೂತು ಕೇಳಿಸಿಕೊಂಡ ನನಗೆ ಸಮಾಧಾನವಾಗಬೇಕಿತ್ತು. ನನ್ನ ಅವಮಾನವನ್ನೂ ನನಗಿಂತ ಚೆನ್ನಾಗಿ ಹೇಳುತ್ತಾನಲ್ಲ ಈ ಮನುಷ್ಯ ಎಂದು ಬೇಜಾರಾಯಿತು.

ದೇಶ ದೇಶಗಳ ನಡುವೆ ಮಾತುಕತೆ ಯಾಕೆ ಮುರಿಯುತ್ತದೆ ಎನ್ನುವುದು ಅವರ ಮೆಚ್ಚಿನ ಪಾಠ. ಪಠ್ಯದಲ್ಲಿ ಅದಕ್ಕೆ ಅರ್ಧ ಪುಟ. ಅವರು ಮೂರು ದಿನ ಮಾಡುತ್ತಿದ್ದರು. ಬೆಳಿಗ್ಗೆ ಪತ್ರಿಕೆಯ ವಿದೇಶದ ಪುಟ ಮಡಿಸಿಕೊಂಡೇ ಬಸ್ಸಿಳಿಯುವರು. ಎರಡು ದೇಶದ ಮಂತ್ರಿಗಳು ಕೂತು ಎದ್ದ ಸುದ್ದಿಯಲ್ಲಿ 'ಮುಕ್ತ ಮಾತುಕತೆ ನಡೆಯಿತು' ಎಂದಿದ್ದರೆ, ಹಂಗಂದ್ರೆ ಚೆನ್ನಾಗಿ ಬೈದಾಡಿದ್ದಾರೆ ಎನ್ನುವರು. 'ಫಲಪ್ರದ' ಎಂದಿದ್ದರೆ, ಊಟ ಚೆನ್ನಾಗಿತ್ತು ಅಷ್ಟೆ. 'ಕಾದು ನೋಡೋಣ' ಎಂದು ಯಾರಾದರೂ ಹೇಳಿದ್ದರೆ ಮಾತ್ರ ನಗುತ್ತಿರಲಿಲ್ಲ. ಪತ್ರಿಕೆ ಮಡಿಸಿ ಬೆರಳು ಹೊಸೆಯುವರು. "ಯುದ್ಧ ಶುರು ಮಾಡೋನು ಸೈನಿಕ ಅಲ್ಲ ಸಾರ್. ಇಬ್ರ ಮಧ್ಯೆ ನಿಂತು ಮಾತು ದಾಟಿಸೋನು ಇರ್ತಾನಲ್ಲ, ಅವನು ಸುಸ್ತಾಗಿರ್ತಾನೆ, ಅವತ್ತು ಶುರುವಾಗ್ತೈತೆ" ಎನ್ನುವುದು ಅವರ ಸಿದ್ಧಾಂತ. ನನ್ನ ಮಗಳು ನಮ್ಮ ಕಾಲೇಜಿಗೇ ಸೇರಿದ ಮೇಲೆ ಊಟಕ್ಕೆ ಕೂತಾಗ ಈ ಸಿದ್ಧಾಂತಗಳು ನನ್ನ ತಟ್ಟೆಗೂ ಬಡಿಸಲ್ಪಟ್ಟವು. ಸಾರ್ ಹಿಂಗಂದ್ರು, ಸಾರ್ ಹಂಗಂದ್ರು. ಅವಳ ಅಪ್ಪನೂ ಒಬ್ಬ ಸಾರ್ ಎನ್ನುವುದು ಆ ಹುಡುಗಿಗೆ ಹೊಳೆಯಲೇ ಇಲ್ಲ.

ಆ ಪಾಠದ ನಡುವೆ ಒಂದು ಕತೆ ಬರುತ್ತಿತ್ತು. ಕರಿಹಲಗೆಯ ಮೇಲೆ ದೊಡ್ಡದಾಗಿ 'ಕಾದು' ಎಂದು ಬರೆಯುವರು. ಸೀಮೆಸುಣ್ಣದ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು, ಇವತ್ತು ಆ ಕತೆ.

ಇಬ್ಬರು ರಾಜರು. ಒಬ್ಬನದು ಕನ್ನಡ ನಾಡು, ಒಬ್ಬನದು ತೆಲುಗು ನಾಡು. ನಡುವೆ ಒಂದು ಒಣಹಳ್ಳ. ಒಂದು ದಿನ ಆ ಕಡೆ ಭಾರಿ ಧೂಳೆದ್ದಿತು. ಕನ್ನಡದ ರಾಜ ಹೆದರಿ ದೂತನನ್ನು ಅಟ್ಟಿದ: ಅದೇನು ದಂಡಾ? ತೆಲುಗು ರಾಜ ಅಂದ: ಕಾದು. ಅವನ ಮಾತಿನಲ್ಲಿ ಕಾದು ಎಂದರೆ ಅಲ್ಲ. ದಂಡಲ್ಲಪ್ಪ, ದೇವಸಮುದ್ರದ ಕುರಿಮಂದೆ ಹೊರಟಿದೆ. ದೂತ ಓಡಿಬಂದು ಒಪ್ಪಿಸಿದ: ಪ್ರಭು, ಕಾದು ಅಂದರು. ಕನ್ನಡದ ರಾಜ ಅದನ್ನು ತನ್ನ ಭಾಷೆಯಲ್ಲಿ ಕೇಳಿಸಿಕೊಂಡ. ಕಾದು? ಕಾದು ನೋಡು ಅಂದನೇ? ಆಗಲಿ, ಕಾಯೋಣ. ಹಳ್ಳದ ದಂಡೆಯ ಮೇಲೆ ಸೈನ್ಯ ನಿಲ್ಲಿಸಿ ಕಾದ. ಬಿಸಿಲಿಗೆ ಶಿರಸ್ತ್ರಾಣ ಕಾದು, ಕತ್ತಿ ಕಾದು, ತಲೆ ಕಾದು ಕೆಂಡವಾಯಿತು. ಈ ಕಡೆ ನಿಂತ ಸೈನ್ಯ ನೋಡಿ ಆ ಕಡೆಯವನೂ ಸೈನ್ಯ ತಂದ. ಆಮೇಲೆ ಇಬ್ಬರೂ ಹಳಗನ್ನಡದವರಂತೆ ಕಾದಿದರು.

"ಕುರಿ ಮಾತ್ರ ಸಾಯಂಕಾಲ ಮನೆಗೆ ಹೋದ್ವು" ಎಂದು ಅವರು ಮುಗಿಸುವಾಗ ಆ ನಗು ಏಳುತ್ತಿತ್ತು. ಆಮೇಲೆ ಅವರು ಒಂದೊಂದೇ ಅರ್ಥ ಎಣಿಸುವರು. ನಿರೀಕ್ಷೆ ಮಾಡಿ ಒಂದು, ಬಿಸಿಯಾಗಿ ಎರಡು, ಹೋರಾಡು ಮೂರು. "ನಾಲ್ಕನೇದು, ಅಲ್ಲ. ಮೊದಲು ಹೇಳಿದ್ದು ಅದೇ. ಯಾರೂ ಕೇಳಿಸ್ಕಳ್ಳಲಿಲ್ಲ." ಆಗ ಆ ಮೌನ.

ನಾನು ಕನ್ನಡ ಎಂ.ಎ. ಹೆಂಚು ಕಾದುದನ್ನೂ, ವೀರರು ಕಾದಿದ್ದನ್ನೂ ಇಪ್ಪತ್ತೈದು ವರ್ಷದಿಂದ ಬೇರೆ ಬೇರೆ ಪಾಠಗಳಲ್ಲಿ ಹೇಳಿಕೊಂಡು ಬಂದವನು. ಎಲ್ಲವನ್ನೂ ಒಂದು ಹಗ್ಗದಲ್ಲಿ ಕಟ್ಟುವ ಬುದ್ಧಿ ನನಗೆ ಬರಲಿಲ್ಲ. ನನ್ನ ಅಂಗಳದಲ್ಲಿ ಬಿದ್ದಿದ್ದ ಪದವನ್ನು ಪಕ್ಕದ ಕೋಣೆಯವರು ಎತ್ತಿಕೊಂಡು ಹೋಗಿ ಬೆಳಕಿಗೆ ಹಿಡಿದರು. ಅದು ನನಗೆ ಎಂದೂ ಜೀರ್ಣವಾಗಲಿಲ್ಲ.

ವರ್ಷಕ್ಕೊಮ್ಮೆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೆವು. ನನ್ನ ಕೈಯಲ್ಲಿ ಕೊಡೆ, ನೀರಿನ ಬಾಟಲಿ, ಜೇನುಹುಳು ಎದ್ದರೆ ಹೊದೆಸಲು ಎರಡು ಕಂಬಳಿ, ಹಾವಿಗೆ ಒಂದು ಕೋಲು. ಅವರ ಕೈಯಲ್ಲಿ ಏನೂ ಇಲ್ಲ. ಅಶೋಕನ ಶಾಸನದ ಬಂಡೆಯ ಮುಂದೆ ನಾನು ಕಾಲ, ಲಿಪಿ, ಭಾಷೆ ಎಂದು ಮೂರು ಅಂಶ ಹೇಳಿ ಮಕ್ಕಳ ತಲೆ ಎಣಿಸಲು ಹೋಗುತ್ತಿದ್ದೆ. ಅವರು ಬಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳುವರು: ಈ ಪತ್ರ ಏನಂತ ಶುರುವಾಗುತ್ತೆ ಗೊತ್ತಾ? ಆ ಊರಿನ ಅಧಿಕಾರಿಗಳು ಈ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸ್ತಾರೆ. ಧರ್ಮ ಆಮೇಲೆ, ಅಪ್ಪಣೆ ಆಮೇಲೆ, ಮೊದಲು ಆರೋಗ್ಯನಾ? ಬರೆದವನು ಕೊನೆಗೆ ತನ್ನ ಹೆಸರು ಹಾಕಿ, ಒಂದು ಪದವನ್ನು ದೂರದ ಇನ್ನೊಂದು ನಾಡಿನ ಲಿಪಿಯಲ್ಲಿ ಕೊರೆದಿದ್ದಾನೆ. ಆದರೆ ಈ ಭಾಷೆ ಇಲ್ಲಿನ ಕುರಿಯವನಿಗೆ ಬರ್ತಿತ್ತಾ? ಯಾರೋ ಒಬ್ಬ ಇಲ್ಲಿ ನಿಂತು ಅದನ್ನ ಅವನ ಮಾತಲ್ಲಿ ಹೇಳಿರಬೇಕು. ಬರೆದವನ ಹೆಸರೈತೆ, ಹೇಳಿದವನ ಹೆಸರಿಲ್ಲ.

ಆ ಬಂಡೆಯನ್ನು ನಾನು ಹತ್ತು ಸಲ ನೋಡಿದ್ದೆ. ಜೇನಿನ ಯೋಚನೆಯಲ್ಲಿ ಇಷ್ಟು ನೋಡಲಾಗಿರಲಿಲ್ಲ.

ಅಲ್ಲಿಂದಲೇ ಇರಬೇಕು, ಅವರು ನಮಸ್ಕಾರದ ಬದಲು "ಆರೋಗ್ಯನಾ ಸಾರ್?" ಎನ್ನುತ್ತಿದ್ದರು. ಪ್ರಾಂಶುಪಾಲರಿಗೂ ಅದೇ, ಗಂಟೆ ಹೊಡೆಯುವವನಿಗೂ ಅದೇ. ಕೇಳಿ ಸುಮ್ಮನೆ ಹೋಗುತ್ತಿರಲಿಲ್ಲ, ಉತ್ತರಕ್ಕೆ ನಿಲ್ಲುತ್ತಿದ್ದರು. ಆರೋಗ್ಯದ ವಿಚಾರದಲ್ಲಿ ನನ್ನ ಬಳಿ ಉತ್ತರಕ್ಕೇನೂ ಕೊರತೆಯಿಲ್ಲ. ಎದೆಯಲ್ಲಿ ಚಳುಕು, ಎಡಗಾಲಲ್ಲಿ ಜೋಮು, ನಿದ್ದೆಯಲ್ಲಿ ಬೆಚ್ಚುವುದು. ಎಲ್ಲ ಕೇಳಿಸಿಕೊಂಡು, ಏನಾಗಲ್ಲ ಬಿಡ್ರಿ ಎನ್ನುವರು. ಅವರಿಗೆ ಒಂದು ನೆಗಡಿಯೂ ಬರುತ್ತಿರಲಿಲ್ಲ. ಅದನ್ನೂ ನಾನು ಗಮನಿಸಿ ಇಟ್ಟುಕೊಂಡಿದ್ದೆ.

ಈಗ ನನ್ನ ಕಳ್ಳತನಕ್ಕೆ ಬರುತ್ತೇನೆ.

ಅವರ ನಿವೃತ್ತಿಗೆ ಇನ್ನೊಂದು ವರ್ಷ ಇರುವಾಗ ಚಿತ್ರದುರ್ಗದಲ್ಲಿ ಉಪನ್ಯಾಸಕರಿಗೆ ತರಬೇತಿ ನಡೆಯಿತು. ಭಾಷೆ ಮತ್ತು ಸಮಾಜ ಎಂದು ಮಾತಾಡಲು ನನಗೆ ಕರೆ ಬಂತು. ನಾಲ್ಕು ರಾತ್ರಿ ಕೂತು ಇಪ್ಪತ್ತು ಪುಟ ಬರೆದೆ. ವೇದಿಕೆ ಹತ್ತಿ ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನವರು ಮೊಬೈಲು ತೆಗೆದರು. ಐದನೆಯ ಪುಟಕ್ಕೆ ಹಿಂದಿನ ಬಾಗಿಲಿಂದ ಜನ ಜಾರತೊಡಗಿದರು. ಆಗ ನನ್ನ ಬಾಯಿ ತಾನಾಗಿ ಅಂದುಬಿಟ್ಟಿತು: ಒಂದು ಪದ ತಗೊಳ್ಳೋಣ. ಕಾದು.

ಕತೆ ಪೂರ್ತಿ ಹೇಳಿದೆ. ತೆಲುಗು ರಾಜನನ್ನು ಮಾತ್ರ ಪಕ್ಕದ ರಾಜ ಮಾಡಿದೆ. ತೆಲುಗು ತಂದರೆ ಈ ಕತೆ ಯಾರದೆಂದು ಗೊತ್ತಾಗಿಬಿಡುತ್ತದೆ, ತೆಲುಗು ಬಾರದ ನನಗೆ ಅದು ಎಲ್ಲಿಂದ ಬರಬೇಕು? ನಿರೀಕ್ಷೆ, ಬಿಸಿ, ಹೋರಾಟ ಎಂದು ಮೂರು ಅರ್ಥ ಎಣಿಸಿದೆ. ಕುರಿಗಳನ್ನು ಮನೆಗೆ ಕಳಿಸಿದೆ. ಆ ನಗು ಬಂತು. ನನ್ನ ಜೀವನದಲ್ಲಿ ಮೊದಲ ಸಲ, ನನಗಾಗಿ ಬಂತು. ಆ ಹೊತ್ತು ನಾನು ಎಷ್ಟು ಸುಖಪಟ್ಟೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ ಎಂದರು ಸಂಚಾಲಕರು. ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯೊಂದು ಎದ್ದು ನಿಂತಿತು. ಅವರು ಮಧ್ಯಾಹ್ನದ ಗೋಷ್ಠಿಗೆ ಬಂದಿದ್ದರಂತೆ, ಬೇಗ ಬಂದು ಕೂತಿದ್ದರಂತೆ.

"ಬಹಳ ಚೆನ್ನಾಗಿತ್ತು ಸಾರ್" ಎಂದರು. "ನಾಲ್ಕನೇ ಅರ್ಥ ಒಂದು ಬಿಟ್ರಿ. ಅದನ್ನ ಬಿಟ್ರೆ ಯುದ್ಧ ಯಾಕಾಯ್ತು ಅಂತಲೇ ತಿಳಿಯಲ್ಲ."

ಅಷ್ಟೆ. ಇದು ನನ್ನ ಕತೆ ಎನ್ನಲಿಲ್ಲ. ಮುಖದಲ್ಲಿ ನಗು ಇತ್ತು. ಪಾಠ ಮುಂದುವರಿಸಲಿ ಎಂದು ಹರಿದ ಎಳೆಯ ತುದಿಯನ್ನು ನನ್ನ ಕಡೆಗೆ ಚಾಚಿದ್ದರೋ ಏನೋ. ನನಗೆ ಕಂಡದ್ದು ಮಾತ್ರ, ಸಭೆಯ ನಡುವೆ ನನ್ನ ಅಂಗಿ ಬಿಚ್ಚಿಸಿದ ಮನುಷ್ಯ. ಸಮಯವಾಯಿತು ಎಂದು ಹೇಳಿ ಕೆಳಗಿಳಿದೆ. ಅವರು ಮೆಟ್ಟಿಲ ಹತ್ತಿರ ನಿಂತಿದ್ದರು. ನಾನು ಇನ್ನೊಂದು ಬಾಗಿಲಿಂದ ಹೋದೆ.

ತಪ್ಪು ಮಾಡಿದವನು ನಾನು. ಆದ್ದರಿಂದ ಮಾತು ಬಿಟ್ಟವನೂ ನಾನೇ. ಆ ವರ್ಷವೆಲ್ಲ ಅವರು ದಿನಾ "ಆರೋಗ್ಯನಾ ಸಾರ್?" ಎಂದು ನಿಲ್ಲುತ್ತಿದ್ದರು, ನಾನು ಹೂಂ ಎಂದು ಹಾಜರಿ ಪುಸ್ತಕ ಹುಡುಕುತ್ತಿದ್ದೆ. ಎದೆಯ ಚಳುಕನ್ನು ಹೇಳಿಕೊಳ್ಳಲು ಜನವಿಲ್ಲದೆ ಅದು ಹೆಚ್ಚಾಯಿತು. ಬೆಂಚನ್ನು ಗೋಡೆಯಿಂದ ದೂರ ಎಳೆಸಿದೆ. ಗೋಡೆ ಮಾತ್ರ ಅಷ್ಟೇ ತೆಳ್ಳಗಿತ್ತು. ಆ ವರ್ಷ ಅವರು ಆ ಕತೆ ಹೇಳಲಿಲ್ಲ. ಸೀಮೆಸುಣ್ಣದ ಆ ಸದ್ದಿಗೆ ನಾನು ಕಿವಿಯಾಗಿದ್ದೆ, ಬರಲಿಲ್ಲ. ನನಗೆ ಬಿಟ್ಟುಕೊಟ್ಟರೆಂದು ಆಗ ಹೊಳೆದಿದ್ದರೆ ಚೆನ್ನಾಗಿತ್ತು. ನನ್ನನ್ನು ಚುಚ್ಚಲು ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ.

ಬೀಳ್ಕೊಡುಗೆಯ ದಿನ ನನಗೆ ಜ್ವರ. ಜ್ವರ ನಿಜವಾದದ್ದೇ, ಬೆಳಿಗ್ಗೆಯಿಂದ ಯೋಚಿಸಿ ಯೋಚಿಸಿ ಬರಿಸಿಕೊಂಡಿದ್ದೆ. ಮಕ್ಕಳು ಅವರನ್ನು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಹೋದರಂತೆ, ಕಂಡಕ್ಟರು ಅವರ ಹಳೆಯ ಶಿಷ್ಯನಂತೆ, ಬಸ್ಸು ಹತ್ತು ನಿಮಿಷ ನಿಂತಿತಂತೆ. ಮಗಳು ಹೇಳುತ್ತಿದ್ದಳು. ನನಗೆ ಯಾವ ಬಸ್ಸು ನಿಲ್ಲುತ್ತದೆ ಎಂದು ಹೊದಿಕೆಯೊಳಗೆ ಲೆಕ್ಕ ಹಾಕಿದೆ.

ಆರು ತಿಂಗಳಾಗಿತ್ತು, ಅವರಿಗೆ ಲಕ್ವ ಹೊಡೆಯಿತೆಂದು ಸುದ್ದಿ ಬಂತು. ಬಲಗೈ ಬಲಗಾಲು ಸ್ವಾಧೀನವಿಲ್ಲ, ಬಳ್ಳಾರಿಯ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ ಎಂದರು. ಒಂದು ನೆಗಡಿಯೂ ಬಾರದ ಮನುಷ್ಯ. ಅಷ್ಟು ವರ್ಷ ನನ್ನ ದೇಹದ ದೂರು ಕೇಳಿದವರಿಗೆ ನಾನು ಹೋಗಿ ಒಂದು ಸಲ ಆರೋಗ್ಯನಾ ಎನ್ನಬೇಡವೇ? ದಿನಾ ಹೊರಟೆ, ದಿನಾ ನಿಂತೆ. ಹೋದಾಗ ಮುಖ ತಿರುಗಿಸಿದರೆ? ಕಾಯಿಲೆ ಬಿದ್ದ ಮೇಲೆ ಬಂದ ಎಂದುಕೊಂಡರೆ? ಅಷ್ಟರಲ್ಲಿ ಕಚೇರಿಯಿಂದ ಪಿಂಚಣಿಯ ಕಾಗದಕ್ಕೆ ಅವರ ರುಜು ತರಲು ಅಟೆಂಡರನನ್ನು ಕಳಿಸುವುದೆಂದಾಯಿತು. ಹೊಸದುರ್ಗದಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು ಅವನಿಗೆ, ನನ್ನ ವಯಸ್ಸಿನವನು. ತೆಲುಗು ನನ್ನಷ್ಟೇ ಬರುತ್ತಿತ್ತು. ಅವನನ್ನು ಕಾರಿಡಾರಿನ ಮೂಲೆಗೆ ಕರೆದು ಹೇಳಿದೆ.

"ನನ್ನ ಮೇಲೆ ಕೋಪನಾ ಅಂತ ಕೇಳು. ಅಲ್ಲ ಅಂದ್ರೆ ಭಾನುವಾರ ಬರ್ತೀನಿ ಅಂತ ಹೇಳು. ಬೇರೇನೂ ಹೇಳಬೇಡ."

ಸಂಜೆ ಅವನು ಬಂದ. ಎಡಗೈಯಲ್ಲಿ ಹಾಕಿದ ರುಜು ತೋರಿಸಿದ, ಇರುವೆ ನಡೆದಂತಿತ್ತು. ಕೇಳಿದೆಯಾ ಎಂದೆ.

"ಕೇಳಿದೆ ಸಾರ್. ಮಾತು ತೊದಲ್ತೈತೆ ಪಾಪ. ಕಾದು ಅಂದ್ರು."

"ಕಾದು?"

"ಕಾದು ಅಂದ್ರು ಸಾರ್. ಆಮೇಲೆ ಅಮ್ಮಾರ ಕಡೆ ತಿರುಗಿ ತೆಲುಗಲ್ಲಿ ಏನೋ ಅಂದ್ರು. 'ಬರ್ತೀನಿ' ಅಂತ ನಿಮ್ಮ ಮಾತೂ ಹೇಳ್ದೆ. ಬಸ್ಸಿಗೆ ಹೊತ್ತಾಗಿತ್ತು, ಬಂದುಬಿಟ್ಟೆ."

ಕಾದು ನೋಡೋಣ. ಇದೇ ಮಾತನ್ನು ಪತ್ರಿಕೆಯಲ್ಲಿ ಕಂಡರೆ ನಗುತ್ತಿರಲಿಲ್ಲವಲ್ಲ ಅವರು. ಅದನ್ನೇ ನನ್ನ ಮೇಲೆ ಪ್ರಯೋಗಿಸಿದರೇ? ಹಾಸಿಗೆಯಲ್ಲಿ ಮಲಗಿದ್ದರೂ ದೊಡ್ಡ ದೇಶದ ಗತ್ತು ಬಿಟ್ಟಿಲ್ಲ. ಕಾಯಿಸುತ್ತಾರಂತೆ. ಅದೂ ನಾನು ಕದ್ದ ಪದದಿಂದಲೇ ನನಗೆ ಏಟು. ಕಾಯಿಲೆಯಲ್ಲೂ ಎಂಥ ಚುರುಕು ಎಂದು ಅದಕ್ಕೂ ಅಸೂಯೆಪಟ್ಟೆ. ಆಗಲಿ, ಕಾಯೋಣ ಎಂದುಕೊಂಡೆ. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಅವರಾಗಿ ಹೇಳಿ ಕಳಿಸಲಿ ಎಂದು ಕೂತೆ. ಕೂತಷ್ಟೂ ತಲೆ ಬಿಸಿಯಾಯಿತು. ಏಳನೆಯ ಭಾನುವಾರದ ಮರುದಿನ ಬೆಳಿಗ್ಗೆ ಅವರು ಹೋದರೆಂದು ಫೋನು ಬಂತು.

ಮಣ್ಣಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಹನ್ನೊಂದನೆಯ ದಿನ ಹೋದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬಸ್ಸಿನ ತುಂಬ ಅಲ್ಲಿಗೇ ಹೊರಟವರು. ಬೀದಿಯಲ್ಲಿ ಅವತ್ತು ಒಂದು ಮಗ್ಗವೂ ಆಡುತ್ತಿರಲಿಲ್ಲ. ಒಬ್ಬ ಮೇಷ್ಟ್ರಿಗಾಗಿ ಒಂದು ಬೀದಿಯ ಮಗ್ಗ ನಿಲ್ಲುವುದು ಎಂದರೇನು ಎಂದು ಯೋಚಿಸುತ್ತ, ಅಲ್ಲೂ ನನ್ನ ಹನ್ನೊಂದನೆಯ ದಿನವನ್ನು ಕಲ್ಪಿಸಿಕೊಂಡು ಜನ ಎಣಿಸಿದೆ. ಈ ಬುದ್ಧಿ ಯಾವಾಗ ಹೋಗುತ್ತದೋ.

ಊಟದ ಮೇಲೆ ಅವರ ಹೆಂಡತಿ ನನ್ನನ್ನು ಗುರುತಿಸಿ ಹತ್ತಿರ ಬಂದರು.

"ಆರೋಗ್ಯನಾ ಸಾರ್?" ಎಂದರು. ಆ ಮನೆಯಲ್ಲಿ ಎಲ್ಲರೂ ಹಾಗೇ ಕೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಆಕ್ಷೇಪವೇನೂ ಇಲ್ಲದ ದನಿಯಲ್ಲಿ, "ಭಾನುವಾರ ಬರ್ತೀನಿ ಅಂತ ಹೇಳಿ ಕಳಿಸಿದ್ರಿ. ಬರಲೇ ಇಲ್ಲ" ಎಂದರು.

"ಅವರೇ ಕಾದು ನೋಡೋಣ ಅಂದ್ರಂತಲ್ಲಕ್ಕ."

ಆಕೆಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು.

"ಅಷ್ಟುದ್ದ ಕನ್ನಡ ಎಲ್ಲಿ ಬರ್ತಿತ್ತು ಸಾರ್ ಅವರಿಗೆ? ಆಸ್ಪತ್ರೆಯಿಂದ ಬಂದ ಮೇಲೆ ಕನ್ನಡ ಬಾಯಿಗೆ ಬರ್ತಾನೇ ಇರಲಿಲ್ಲ. ಹೇಳಿದ್ದೆಲ್ಲ ತಿಳೀತಿತ್ತು. ಬಾಯಿಗೆ ಬರ್ತಿದ್ದದ್ದು ತೆಲುಗೊಂದೇ, ಅದೂ ಒಂದೊಂದು ಮಾತು. ನಿಮ್ಮವನು ಕೋಪನಾ ಅಂತ ಕೇಳ್ದ. ಕಾದು ಅಂದ್ರು. ನನ್ನ ಕಡೆ ತಿರುಗಿ ರಮ್ಮನು ಅಂದ್ರು. ಬರಕ್ಕೆ ಹೇಳು ಅಂತ. ಅವನಿಗೆ ಕಾಫಿ ಕೊಟ್ಟು ಹೇಳೋಣ ಅಂತ ಒಳಗೆ ಹೋದ್ರೆ, ಹೊರಟೇಬಿಟ್ಟಿದ್ದ. ಹೆಂಗೂ ಬರ್ತೀನಿ ಅಂದಿದಾರಲ್ಲ ಅಂತ ನಾನೂ ಸುಮ್ಮನಾದೆ." ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹೊಸೆಯುತ್ತ ನಿಂತಿದ್ದರು. "ಭಾನುವಾರ ಬಂದ್ರೆ ಶರ್ಟು ಹಾಕು ಅಂತ ಸನ್ನೆ ಮಾಡೋರು. ಇಸ್ತ್ರಿದು."

ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಾನಗಲ್ಲಿನ ಹತ್ತಿರ ರಸ್ತೆಗೆ ಅಡ್ಡ ಕುರಿಮಂದೆ ಬಂದು ಬಸ್ಸು ನಿಂತಿತು. ನಾನು ಹೆದರಿದ್ದು ನಿಜವೇ ಆಗಿತ್ತು. ಅವರು ಕೂಡಲೇ ಕ್ಷಮಿಸಿಬಿಟ್ಟಿದ್ದರು. ಮೂರು ಅರ್ಥಕ್ಕೇ ನಿಲ್ಲಿಸುವುದು ಚಿತ್ರದುರ್ಗದಿಂದ ನನಗೆ ರೂಢಿಯಾಗಿತ್ತು. ಕಾದು ಎಂಬ ರೂಪಕ್ಕೆ ವ್ಯಾಕರಣದಲ್ಲಿ ಭೂತನ್ಯೂನ ಎನ್ನುತ್ತೇವೆ. ಅಲ್ಲಿಗೆ ವಾಕ್ಯ ಮುಗಿಯುವುದಿಲ್ಲ, ಮುಂದೆ ಇನ್ನೊಂದು ಕ್ರಿಯಾಪದ ಬರಲೇಬೇಕು ಎಂದು ಪ್ರತಿವರ್ಷ ಮಕ್ಕಳಿಗೆ ಬರೆಸುತ್ತೇನೆ. ಅವರ ಮಾತು ಆ ಎರಡಕ್ಷರಕ್ಕೇ ಮುಗಿದಿತ್ತು. ಮುಂದಿನ 'ನೋಡೋಣ'ವನ್ನು ಸೇರಿಸಿದ್ದು ನಾನು.